ಯಾವ ಏಲಿಯಾಸ್ ಇನ್ನೂ ಬಳಕೆಯಲ್ಲಿದೆ? ಮೇಲ್ ಸರ್ವರ್‌ನಲ್ಲಿ ಲೆಕ್ಕ ಇಡುವುದು ಹೀಗೆ

ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ಸರ್ವರ್ ಇದೆ, ಏಲಿಯಾಸ್‌ಗಳೆಲ್ಲ (ಬಂದ ಮೇಲನ್ನು ಬೇರೆ ವಿಳಾಸಕ್ಕೆ ಕಳಿಸುವ ವಿಳಾಸಗಳು) ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಟೇಬಲ್‌ನಲ್ಲಿವೆ ಅಂದುಕೊಳ್ಳಿ. ಯಾವುದಕ್ಕೆ ಇನ್ನೂ ಮೇಲ್ ಬರುತ್ತಿದೆ, ಯಾವುದು ಸುಮ್ನೆ ಕೂತಿದೆ ಅನ್ನುವುದು ಆ ಟೇಬಲ್ ನೋಡಿದರೆ ಗೊತ್ತಾಗುವುದಿಲ್ಲ.

ಇದಕ್ಕೆ ಜನ ಮೊದಲು ಹಿಡಿಯುವುದು ಒಂದು ಅಡ್ಡದಾರಿ. ಏಲಿಯಾಸ್ ಹುಡುಕುವ ಕ್ವೆರಿಯೊಳಗೇ ಎಣಿಸುವ ಫಂಕ್ಷನ್ ತುರುಕುತ್ತಾರೆ. ದಯವಿಟ್ಟು ಬೇಡ. ವಿಳಾಸ ಇದೆಯಾ ಅಂತ ಪೋಸ್ಟ್‌ಫಿಕ್ಸ್‌ನ ಮೇಲ್ ಸ್ವೀಕರಿಸುವ ಭಾಗ ಎಸ್‌ಎಂಟಿಪಿಡಿ ಒಮ್ಮೆ ಹುಡುಕುತ್ತದೆ, ವಿಳಾಸ ಬದಲಿಸಲು ಕ್ಲೀನಪ್ ಅನ್ನುವ ಇನ್ನೊಂದು ಭಾಗ ಮತ್ತೆ ಹುಡುಕುತ್ತದೆ, ಒಂದೇ ಮೇಲ್ ಹಲವು ಸಲ ಎಣಿಕೆಯಾಗುತ್ತದೆ. ಆಮೇಲೆ ಸ್ಪ್ಯಾಮ್ ಅಂತ ವಾಪಸ್ ಕಳಿಸಿದ್ದೂ ಲೆಕ್ಕಕ್ಕೆ ಬಂದುಬಿಡುತ್ತದೆ. ಪೋಸ್ಟ್‌ಫಿಕ್ಸ್ ಬಳಸುವ ಡೇಟಾಬೇಸ್ ಯೂಸರ್‌ಗೆ ಓದುವ ಹಕ್ಕಷ್ಟೇ ಇರಬೇಕು. ಲೆಕ್ಕ ಲಾಗ್‌ನಿಂದಲೇ (ಸರ್ವರ್ ತನ್ನ ಕೆಲಸ ಬರೆದಿಡುವ ಫೈಲ್) ತೆಗೆಯಿರಿ.

ಹಂತ 1: ಬೇರೆಯೇ ಒಂದು ಟೇಬಲ್ ಮಾಡಿ. ಏಲಿಯಾಸ್, ಕೊನೆಯ ಸಲ ಬಂದ ಸಮಯ, ಎಷ್ಟು ಸಲ: ಮೂರು ಕಾಲಂ ಸಾಕು.

ಹಂತ 2: ಪೋಸ್ಟ್‌ಫಿಕ್ಸ್‌ನಲ್ಲಿ ಉದ್ದದ ಕ್ಯೂ ಐಡಿ (ಪ್ರತಿ ಮೇಲ್‌ಗೆ ಅದು ಕೊಡುವ ಗುರುತು) ಆನ್ ಮಾಡಿ. ಆವೃತ್ತಿ 2.9ರಿಂದ ಈ ಸೌಲಭ್ಯ ಇದೆ. ಚಿಕ್ಕ ಐಡಿಗಳು ಮರುಬಳಕೆ ಆಗುತ್ತವೆ, ಲೆಕ್ಕ ಕಲಸಿಹೋಗುತ್ತದೆ.

ಹಂತ 3: ಲಾಗ್ ಓದುವ ಸ್ಕ್ರಿಪ್ಟ್. ಎಡವುವುದೆಲ್ಲ ಇಲ್ಲೇ. ಏಲಿಯಾಸ್ ಮೂಲಕ ಬಂದ ಮೇಲ್‌ನ ಡೆಲಿವರಿ ಸಾಲಿನಲ್ಲಿ 'ಟು' ಜೊತೆಗೆ 'ಒರಿಜ್_ಟು' ಅಂತ ಇನ್ನೊಂದು ವಿಳಾಸ ಇರುತ್ತದೆ. ನಮಗೆ ಬೇಕಾದ ಏಲಿಯಾಸ್ ಅದೇ. ಸ್ಟೇಟಸ್ 'ಸೆಂಟ್' ಇರುವ ಸಾಲು ಮಾತ್ರ ತಗೊಳ್ಳಿ. 'ಡಿಫರ್ಡ್' (ಸದ್ಯ ತಲುಪದೆ ಮುಂದೂಡಿದ್ದು) ಸಾಲು ಪ್ರತಿ ಮರುಪ್ರಯತ್ನಕ್ಕೂ ಹೊಸದಾಗಿ ಬೀಳುತ್ತದೆ. ಒಂದೇ ಏಲಿಯಾಸ್ ಐದು ಜನರಿಗೆ ಹೋಗುತ್ತಿದ್ದರೆ ಒಂದು ಮೇಲ್‌ಗೆ ಐದು ಸಾಲು. ಹಾಗಾಗಿ ಕ್ಯೂ ಐಡಿ ಮತ್ತು ಒರಿಜ್_ಟು ಎರಡನ್ನೂ ಸೇರಿಸಿ, ಒಂದು ಜೋಡಿಗೆ ಒಂದೇ ಎಣಿಕೆ ಕೊಡಿ. ಅಕ್ಷರಗಳನ್ನು ಸಣ್ಣಕ್ಷರಕ್ಕೆ ತನ್ನಿ. ವಿಳಾಸದಲ್ಲಿ ಪ್ಲಸ್ ಗುರುತು ಇದ್ದರೆ ಅಲ್ಲಿಂದ @ ತನಕದ ಬಾಲ ಕತ್ತರಿಸಿ. ಟೇಬಲ್‌ಗೆ ಬರೆಯುವ ಮೊದಲು ಆ ಏಲಿಯಾಸ್ ನಿಜವಾಗಿ ಇದೆಯಾ ನೋಡಿ. ಕ್ಯಾಚ್-ಆಲ್ (ಡೊಮೇನ್‌ನ ಯಾವ ಹೆಸರಿಗೆ ಬಂದರೂ ಮೇಲ್ ತೆಗೆದುಕೊಳ್ಳುವ ವ್ಯವಸ್ಥೆ) ಇಟ್ಟಿದ್ದರೆ ಸ್ಪ್ಯಾಮ್‌ನವರು ಊಹಿಸಿದ ಹೆಸರುಗಳೆಲ್ಲ ಬಂದು ತುಂಬಿಕೊಳ್ಳುತ್ತವೆ.

ಇನ್ನೊಂದು ಬಲೆ ಇದೆ. ಒಂದು ಏಲಿಯಾಸ್ ಇನ್ನೊಂದು ಏಲಿಯಾಸ್‌ಗೆ ಕಳಿಸುತ್ತಿದ್ದರೆ ಲಾಗ್‌ನಲ್ಲಿ ಕಾಣುವುದು ಮೊದಲನೆಯದು ಮಾತ್ರ. ನಡುವಿನದಕ್ಕೆ ಸೊನ್ನೆ ಬರುತ್ತದೆ. ಸೊನ್ನೆ ನೋಡಿ ಅಳಿಸಿದಿರೋ, ಮೇಲಿನದೂ ಕೆಡುತ್ತದೆ. ಏಲಿಯಾಸ್ ಟೇಬಲ್‌ನ ಗುರಿ ಕಾಲಂನಲ್ಲಿ ಆ ಹೆಸರು ಇದೆಯಾ ಅಂತ ಹುಡುಕಿಯೇ ಮುಂದೆ ಹೋಗಿ.

ಹಂತ 4: ಸ್ಕ್ರಿಪ್ಟನ್ನು ಕ್ರಾನ್‌ಗೆ (ನಿಗದಿತ ಸಮಯಕ್ಕೆ ತಾನೇ ಓಡಿಸುವ ಸೌಲಭ್ಯ) ಹಾಕಿ, ಲಾಗ್ ರೊಟೇಟ್ ಆಗುವ, ಅಂದರೆ ಹಳೆ ಫೈಲ್ ಸರಿದು ಹೊಸದು ಶುರುವಾಗುವ ಮೊದಲು ಓಡಬೇಕು. ಚೆಂದದ ಗ್ರಾಫ್ ತೋರಿಸುವ ಲಾಗ್ ಟೂಲ್‌ಗಳಿಗೆ ಮರುಳಾಗಬೇಡಿ. ಒಟ್ಟು ಎಷ್ಟು ಮೇಲ್ ಅಂತ ಹೇಳಿ, ಯಾವ ಏಲಿಯಾಸ್ ಅಂತ ಹೇಳದ ಟೂಲ್ ಇಲ್ಲಿ ದಂಡ.

ಹಂತ 5: ಅಳಿಸುವುದು. ಅವಸರ ಬೇಡ. ಡೊಮೇನ್ ನವೀಕರಣದಂಥ ಮೇಲ್ ವರ್ಷಕ್ಕೊಮ್ಮೆ ಬರುತ್ತದೆ, ಹಾಗಾಗಿ ಕನಿಷ್ಠ 13 ತಿಂಗಳ ಲೆಕ್ಕ ಇರಲಿ. ಜಾಸ್ತಿ ಎಣಿಕೆ ಇದ್ದರೆ ಉಪಯೋಗದಲ್ಲಿದೆ ಅಂತಲೂ ಅಲ್ಲ, ಪೂರ್ತಿ ಸ್ಪ್ಯಾಮೇ ಇರಬಹುದು. ಕಳಿಸಿದವರು ಯಾರು ಅಂತ ಒಮ್ಮೆ ನೋಡಿ. ಆಮೇಲೂ ಸಾಲನ್ನು ಡಿಲೀಟ್ ಮಾಡದೆ 'ಆಕ್ಟಿವ್' ಕಾಲಂ ಸೊನ್ನೆ ಮಾಡಿ, ನಿಮ್ಮ ಕ್ವೆರಿ ಅದನ್ನು ನೋಡುತ್ತಿದ್ದರೆ ಸಾಕು. ಕ್ಯಾಚ್-ಆಲ್ ಇಲ್ಲದಿದ್ದರೆ ಆ ವಿಳಾಸಕ್ಕೆ ಬಂದ ಮೇಲ್ 'ರಿಜೆಕ್ಟ್' ಆಗಿ ಲಾಗ್‌ನಲ್ಲಿ ಕಳಿಸಿದವರ ಸಮೇತ ಕಾಣುತ್ತದೆ. ಬೇಕಾದವರದ್ದಾಗಿದ್ದರೆ ಮತ್ತೆ ಒಂದು ಮಾಡಿದರಾಯಿತು.