ಎದ್ದೆ, ಮಲಗುತ್ತೇನೆ: ಎರಡು ಸಂದೇಶಗಳ ಹಾಜರಿ ಪುಸ್ತಕ

ಮನೆಗೆಲಸಕ್ಕೆಂದು ಪರದೇಶಕ್ಕೆ ಹೋದ ಹೆಣ್ಣುಮಕ್ಕಳ ದೂರುಗಳನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳುವ ಕೆಲಸವನ್ನು ನಾನು 11 ವರ್ಷಗಳಿಂದ ಮಾಡುತ್ತಿದ್ದೇನೆ. ಮೊದಲ ಎರಡು ವರ್ಷ ನಾನು ಕೇಳುತ್ತಿದ್ದ ಪ್ರಶ್ನೆಯೇ ತಪ್ಪಾಗಿತ್ತು. "ಅಲ್ಲಿ ನಿಮಗೆ ಏನಾದರೂ ತೊಂದರೆ ಇದೆಯೇ?" ಎಂದು ಕೇಳುತ್ತಿದ್ದೆ. "ಏನೂ ಇಲ್ಲ" ಎಂದು ಉತ್ತರ ಬರುತ್ತಿತ್ತು, ನಾನು ಹಾಗೆಯೇ ಬರೆದುಕೊಳ್ಳುತ್ತಿದ್ದೆ. ಹಾಗೆ ಎಷ್ಟು ಹೆಂಗಸರ ಕಷ್ಟವನ್ನು "ತೊಂದರೆ ಇಲ್ಲ" ಎಂಬ ಖಾನೆಗೆ ಸೇರಿಸಿದೆನೋ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ನನ್ನ ರೀತಿ ಬದಲಾದದ್ದು ಒಬ್ಬರ ಕರೆಯಿಂದ. ಅವರ ಹೆಸರು ಇಲ್ಲಿ ಬೇಡ, ಅಕ್ಕ ಎಂದೇ ಕರೆಯುತ್ತೇನೆ. ನಲವತ್ತು ದಾಟಿದವರು, ಊರಿನಲ್ಲಿ ಮಗಳನ್ನು ತಾಯಿಯ ಬಳಿ ಬಿಟ್ಟು ಹೋದವರು. ಅವರ ಮಾತು ನನ್ನ ಪುಸ್ತಕದಲ್ಲಿ ಹಾಗೆಯೇ ಇದೆ: "ಒಳ್ಳೆಯ ಜನ ಮೇಡಂ. ಕೆಲಸವೂ ಹೆಚ್ಚಿಲ್ಲ. ಸಂಬಳ ಮಾತ್ರ ಅವರ ಹತ್ತಿರವೇ ಇದೆ, ಒಟ್ಟಿಗೆ ಕೊಡುತ್ತಾರಂತೆ." ಆ "ಮಾತ್ರ" ಎಂಬ ಮಾತು ನನ್ನನ್ನು ತಡೆದು ನಿಲ್ಲಿಸಿತು. ಎಷ್ಟು ತಿಂಗಳದು ಎಂದು ಕೇಳಿದೆ. ಒಂಬತ್ತು ತಿಂಗಳದು ಎಂದರು.

ಅಂದು ತೊಂದರೆಯ ಮಾತು ಬಿಟ್ಟು ದಿನದ ಮಾತು ತೆಗೆದೆ. ಮನೆಯಲ್ಲಿ ಮೊದಲು ಏಳುವವರು ಯಾರು? ಎದ್ದ ಕೂಡಲೇ ಮಾಡುವ ಕೆಲಸ ಯಾವುದು? ಅದಾದ ಮೇಲೆ? ಊಟಕ್ಕೆ ಕುಳಿತರೆ ನಡುವೆ ಎಷ್ಟು ಸಲ ಏಳಬೇಕಾಗುತ್ತದೆ? ಕೊನೆಯ ದೀಪ ಆರಿಸುವವರು ಯಾರು? ಅಕ್ಕ ಒಂದೊಂದಾಗಿ ಹೇಳುತ್ತಾ ಹೋದರು, ನಾನು ಗಂಟೆಗೊಂದು ಗೆರೆ ಎಳೆಯುತ್ತಾ ಹೋದೆ. ಬೆಳಿಗ್ಗೆ 5ಕ್ಕೆ ಏಳುವುದು, ರಾತ್ರಿ 10.30ಕ್ಕೆ ಅಡುಗೆಮನೆ ಒರೆಸಿ ಮುಗಿಸುವುದು, ಮಧ್ಯದಲ್ಲಿ ಊಟ ವಿಶ್ರಾಂತಿ ಎಲ್ಲ ಸೇರಿ ಒಂದೂವರೆ ಗಂಟೆ. ಅಂದರೆ ದಿನಕ್ಕೆ 16 ಗಂಟೆ ಕೆಲಸ. ವಾರದ ರಜೆ ಇರಲಿಲ್ಲವಾದ್ದರಿಂದ ವಾರಕ್ಕೆ 112. ಈ ಸಂಖ್ಯೆಯನ್ನು ಓದಿ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ರಾತ್ರಿ ಮಗು ಅತ್ತಾಗ ಏಳುವುದನ್ನು ಬರೆಯಲಿಲ್ಲವಲ್ಲ" ಎಂದರು.

ಕೆಲಸ ಹೆಚ್ಚಿಲ್ಲ ಎಂದು ಅವರು ಹೇಳಿದ್ದು ಸುಳ್ಳಲ್ಲ. ಮನೆಗೆಲಸವನ್ನು ಗಂಟೆಯಲ್ಲಿ ಅಳೆಯಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ತಮ್ಮ ಮನೆಯಲ್ಲಿ ಅದೇ ಕೆಲಸವನ್ನು ಲೆಕ್ಕವಿಲ್ಲದೆ ಮಾಡಿದವರು, ಪರರ ಮನೆಯಲ್ಲೂ ಲೆಕ್ಕವಿಲ್ಲದೆ ಮಾಡುತ್ತಾರೆ. "ಮನೆಯವಳಂತೆ ನೋಡಿಕೊಳ್ಳುತ್ತೇವೆ" ಎಂಬ ಮಾತನ್ನು ಮಾಲೀಕರ ಬಾಯಲ್ಲಿ ನಾನು ನೂರಾರು ಸಲ ಕೇಳಿದ್ದೇನೆ. ಮನೆಯವರಿಗೆ ಸಂಬಳವಿಲ್ಲ, ರಜೆಯಿಲ್ಲ. ಆ ಮಾತಿನ ಪರಿಣಾಮವೂ ಅದೇ ಆಗುತ್ತದೆ.

ಮುಂದಿನ ಹೆಜ್ಜೆಯಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಒಂಬತ್ತು ತಿಂಗಳ ಬಾಕಿ ಎಂದು ಕೇಳಿ ಕೋಪ ಬಂದಿತ್ತು. ಅಕ್ಕನನ್ನು ಕೇಳದೆಯೇ ಮರುದಿನ ಮಾಲೀಕರಿಗೆ ಫೋನ್ ಮಾಡಿ ಸಂಬಳದ ವಿಷಯ ಎತ್ತಿದೆ. ಅವರು ಬಹಳ ಸೌಜನ್ಯದಿಂದ ಮಾತನಾಡಿದರು. ಅಂದು ಸಂಜೆಯೇ ಅಕ್ಕನ ಮೊಬೈಲ್ ಕಸಿದುಕೊಂಡರು. 23 ದಿನ ಅವರ ಸುದ್ದಿಯೇ ಇರಲಿಲ್ಲ. ಅವರ ತಾಯಿ ದಿನವೂ ನನಗೆ ಫೋನ್ ಮಾಡಿ "ನನ್ನ ಮಗಳು ಎಲ್ಲಿ ತಾಯಿ?" ಎಂದು ಕೇಳುತ್ತಿದ್ದರು. ಹೊರಗೆ ಹೋದಾಗ ಮಗುವಿನ ಕ್ಷೇಮ ವಿಚಾರಿಸಲು ಮಾಲೀಕರಿಗೇ ಅನುಕೂಲವೆಂದು ಮೊಬೈಲನ್ನು ಮರಳಿಸಿದ ಮೇಲೆಯೇ ಅಕ್ಕನ ದನಿ ಕೇಳಿದ್ದು. ಅಂದಿನಿಂದ ನನಗೊಂದು ಕಟ್ಟುನಿಟ್ಟಾದ ನಿಯಮವಿದೆ: ಬೀಗದ ಒಳಗಿರುವವರು ಒಪ್ಪುವವರೆಗೆ ಹೊರಗಿನಿಂದ ಬಾಗಿಲು ಬಡಿಯಬಾರದು.

ಮತ್ತೆ ಶುರುವಿನಿಂದ ಆರಂಭಿಸಿದೆವು. ಮೊದಲು ಅಕ್ಕ ಇರುವ ವಿಳಾಸ. ಅವರಿಗೆ ತಾವಿರುವ ಬೀದಿಯ ಹೆಸರು ಗೊತ್ತಿರಲಿಲ್ಲ, ಗೇಟಿನ ಬಣ್ಣ ಗೊತ್ತಿತ್ತು. ವಿಮಾನ ನಿಲ್ದಾಣದಿಂದ ನೇರ ಕಾರಿನಲ್ಲಿ ಕರೆದೊಯ್ದು ಮನೆಯೊಳಗೆ ಬಿಟ್ಟವರಿಗೆ ಹೇಗೆ ಗೊತ್ತಾಗಬೇಕು? ನಾನು ಈಗ ಎಲ್ಲರಿಗೂ ಹೇಳುವ ಮೊದಲ ಕೆಲಸ ಇದು: ಮನೆಗೆ ಬಂದ ವಿದ್ಯುತ್ ಬಿಲ್ಲನ್ನೋ, ಪಾರ್ಸೆಲ್ಲಿನ ಮೇಲಿನ ಚೀಟಿಯನ್ನೋ ಒಂದು ಫೋಟೋ ತೆಗೆದು ಊರಿಗೆ ಕಳಿಸಿ, ನಿಮ್ಮ ಮೊಬೈಲಿನಿಂದ ಅಳಿಸಿಬಿಡಿ. ಅಪಾಯದ ದಿನ ಸಹಾಯಕ್ಕೆ ಬರುವವರು ಮೊದಲು ಕೇಳುವುದು ವಿಳಾಸವನ್ನೇ.

ಆಮೇಲೆ ಹಿಂದಿನ ತಿಂಗಳುಗಳ ಲೆಕ್ಕ. ಅಕ್ಕನ ಬಳಿ ಒಂದು ಚೂರು ಕಾಗದವೂ ಇರಲಿಲ್ಲ. ಕರಾರುಪತ್ರಕ್ಕೆ ಸಹಿ ಹಾಕಿದ್ದರು, ಅದು ಅವರಿಗೆ ಬಾರದ ಭಾಷೆಯಲ್ಲಿತ್ತು, ಪ್ರತಿ ಕೊಟ್ಟಿರಲಿಲ್ಲ. ಆದರೆ ಆ ಮನೆಯ ಮಗುವಿನ ಪ್ರತಿ ವಾರವೂ ಅವರಿಗೆ ನೆನಪಿತ್ತು. ಅವರು ಸೇರಿದಾಗ ಮಗುವಿಗೆ ಮೂರು ತಿಂಗಳು. ಮೊದಲ ಎರಡು ತಿಂಗಳ ಸಂಬಳವನ್ನು ಮಾಲೀಕರು ಊರಿಗೆ ಕಳಿಸಿದ್ದರು. "ಕೊನೆಯ ಸಲ ದುಡ್ಡು ಹೋದದ್ದು ಮಗು ಬೋರಲು ಬಿದ್ದ ವಾರ" ಎಂದರು. ಅಲ್ಲಿಂದ ಹಲ್ಲು ಮೂಡಿದ್ದು, ಅಂಬೆಗಾಲಿಟ್ಟದ್ದು, ನಿಂತದ್ದು, ಹೆಜ್ಜೆ ಇಟ್ಟದ್ದು, ಒಂದೊಂದಕ್ಕೂ ಸಂಬಳ ಕೇಳಿದ ನೆನಪು, ಅದಕ್ಕೆ ಬಂದ ಉತ್ತರದ ನೆನಪು ಜೋಡಿಕೊಂಡಿತ್ತು. ತಾಯಿಯ ಬ್ಯಾಂಕ್ ಪಾಸ್‌ಬುಕ್ ತರಿಸಿ ನೋಡಿದೆ. ಎರಡೇ ಜಮೆ, ಎರಡನೆಯದು ಅಕ್ಕ ಹೇಳಿದ ವಾರದ್ದೇ. ಆ ಪಾಸ್‌ಬುಕ್ಕೇ ನಮ್ಮ ಮೊದಲ ಸಾಕ್ಷಿ.

ಮುಂದಿನ ದಿನಗಳಿಗೆ ಬೇಕಾದ ಸಾಕ್ಷಿಯ ದಾರಿಯನ್ನು ನನಗೆ ತೋರಿಸಿದ್ದು ಬೇರೊಬ್ಬ ಹೆಂಗಸು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ದಿನವೂ ಮಲಗುವಾಗ ತಂಗಿಗೆ ಒಂದು ಧ್ವನಿ ಸಂದೇಶ ಕಳಿಸುತ್ತಿದ್ದರು, "ಮಲಗುತ್ತೇನೆ" ಎಂದಷ್ಟೇ. ಅವರ ತಂಗಿ ಒಮ್ಮೆ ಮೊಬೈಲ್ ನನ್ನ ಕೈಗೆ ಕೊಟ್ಟಾಗ ಪರದೆಯ ಅಂಚಿನ ಸಮಯಗಳನ್ನು ನೋಡಿದೆ: 11.20, 11.45, 12.10. ಯಾರೂ ಇಡದ ಹಾಜರಿ ಪುಸ್ತಕ ಅದು. ಅಕ್ಕನಿಗೆ ಇದನ್ನೇ ಹೇಳಿದೆ. ಎದ್ದಾಗ ಮಗಳಿಗೆ "ಎದ್ದೆ" ಎಂದು ಒಂದು, ಕೆಲಸವೆಲ್ಲ ಮುಗಿದಾಗ "ಮಲಗುತ್ತೇನೆ" ಎಂದು ಒಂದು. ತಾಯಿ ಮಗಳಿಗೆ ಕಳಿಸುವ ಎರಡು ಮಾತನ್ನು ಯಾರು ನೋಡಿದರೂ ಅನುಮಾನ ಪಡುವುದಿಲ್ಲ. ಪುಸ್ತಕದಲ್ಲಿ ಬರೆದಿಟ್ಟರೆ ಸಿಕ್ಕಿಬೀಳುವ ಭಯವಿದೆ, ಇದರಲ್ಲಿ ಅದಿಲ್ಲ. ರಾತ್ರಿ ಮಗುವಿಗಾಗಿ ಎದ್ದರೆ ಒಂದು ಚುಕ್ಕೆ ಮಾತ್ರ ಕಳಿಸಿ ಎಂದೆ. 118 ದಿನಗಳಲ್ಲಿ ಎದ್ದದ್ದು, ಮಲಗಿದ್ದು ಸೇರಿ 231 ಸಂದೇಶಗಳು, ಅವಲ್ಲದೆ ಚುಕ್ಕೆಗಳು ಬೇರೆ. ಮನೆಗೆ ಅತಿಥಿಗಳು ಬಂದ ಒಂದು ರಾತ್ರಿಯ "ಮಲಗುತ್ತೇನೆ" 1.40ಕ್ಕೆ ಬಂದಿತ್ತು, ಮರುದಿನದ "ಎದ್ದೆ" 5.05ಕ್ಕೆ. ಹದಿನಾಲ್ಕು ವರ್ಷದ ಮಗಳು ಇವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಆ ಹುಡುಗಿಯ ಅಕ್ಷರದಲ್ಲಿ ತಾಯಿಯ ನಿದ್ದೆಯ ಗಂಟೆಗಳನ್ನು ಓದುವುದು ಸುಲಭವಾಗಿರಲಿಲ್ಲ.

ಈ ಚುಕ್ಕೆಗಳಿಗೆ ಕಾನೂನಿನಲ್ಲಿ ಅರ್ಥವಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರ ಜೂನ್ 16ರಂದು ಮನೆಗೆಲಸದವರಿಗಾಗಿ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಉರುಗ್ವೆ, ಫಿಲಿಪ್ಪೀನ್ಸ್ ಮೊದಲು ಅನುಮೋದಿಸಿದವು, 2013ರ ಸೆಪ್ಟೆಂಬರ್ 5ರಿಂದ ಅದು ಜಾರಿಯಲ್ಲಿದೆ. ಕರೆದರೆ ಬರಬೇಕೆಂದು ಕಾದಿರುವ ಹೊತ್ತನ್ನೂ, ದೇಶದ ಕಾನೂನು ನಿಗದಿಪಡಿಸುವ ಮಟ್ಟಿಗೆ, ಕೆಲಸದ ಹೊತ್ತೆಂದೇ ಎಣಿಸಬೇಕು ಎನ್ನುತ್ತದೆ ಅದರ 10ನೆಯ ವಿಧಿ. ವಾರಕ್ಕೆ ಸತತ 24 ಗಂಟೆಯ ಬಿಡುವೂ ಅದೇ ವಿಧಿಯಲ್ಲಿದೆ. ಪಾಸ್‌ಪೋರ್ಟನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವ ಹಕ್ಕು 9ನೆಯ ವಿಧಿಯಲ್ಲಿದೆ. ಗಡಿ ದಾಟುವ ಮೊದಲೇ ಲಿಖಿತ ಕರಾರು ಸಿಗಬೇಕು ಎನ್ನುವುದು 8ನೆಯದು. ಅನುಮೋದಿಸದ ದೇಶದಲ್ಲಿ ಇದನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಲಾಗದು, ನನಗೆ ಗೊತ್ತು. ಆದರೂ ಅಕ್ಕನಿಗೆ ಈ ವಿಧಿಗಳನ್ನು ಓದಿ ಹೇಳಿದೆ. ತಾನು ಕೇಳುತ್ತಿರುವುದು ದಯೆಯನ್ನಲ್ಲ ಎಂದು ತಿಳಿದವರ ದನಿಯೇ ಬೇರೆಯಾಗುತ್ತದೆ. ಇದೇ ಸಂಘಟನೆಯ ಅಂದಾಜಿನಂತೆ ಜಗತ್ತಿನಲ್ಲಿ ಮನೆಗೆಲಸದವರು 7.56 ಕೋಟಿ, ಅವರಲ್ಲಿ ಶೇ. 76ರಷ್ಟು ಹೆಂಗಸರು, ಹತ್ತರಲ್ಲಿ ಎಂಟು ಜನರ ಕೆಲಸಕ್ಕೆ ಯಾವ ದಾಖಲೆಯೂ ರಕ್ಷಣೆಯೂ ಇಲ್ಲ. ಅಕ್ಕನಿಗೆ ಇದನ್ನು ಹೇಳಿದಾಗ, "ಇಷ್ಟು ಜನ ಇದ್ದೇವೆಯೇ?" ಎಂದು ಕೇಳಿದರು.

ಮಲಗುವ ಜಾಗದ ಬಗ್ಗೆ ಪ್ರತ್ಯೇಕವಾಗಿ ಕೇಳುತ್ತೇನೆ. "ಎಲ್ಲಿ ಮಲಗುತ್ತೀರಿ? ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ?" ಮನೆಯ ಗಂಡಸರು ಹೇಗೆ ನಡೆದುಕೊಳ್ಳುತ್ತಾರೆ ಎಂದು ನೇರವಾಗಿ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಚಿಲಕದ ಪ್ರಶ್ನೆಗೆ ಬರುವ ಮೌನವನ್ನು ನಾನು ಉತ್ತರವೆಂದೇ ತೆಗೆದುಕೊಳ್ಳುತ್ತೇನೆ, ಆಮೇಲೆ ಅವಸರ ಮಾಡುವುದಿಲ್ಲ. ಅಕ್ಕ ಮಗುವಿನ ಕೋಣೆಯ ನೆಲದ ಮೇಲೆ ಮಲಗುತ್ತಿದ್ದರು. ಚಿಲಕವಿರಲಿಲ್ಲ, ಆದರೆ ಆ ಭಯವಿಲ್ಲ ಎಂದರು. ನಾನು ಇನ್ನೊಂದು ದಿನ ಮತ್ತೆ ಕೇಳಿದೆ. ಅದೇ ಉತ್ತರ ಬಂದ ಮೇಲೆ ನಂಬಿದೆ.

ಸಾಲದ ಪುಟವನ್ನು ಕೊನೆಗೆ ತೆರೆದೆ. ಏಜೆಂಟನಿಗೆ ಕೊಡಲು ಬಡ್ಡಿಗೆ ಸಾಲ ತಂದಿದ್ದರು. ಸಂಬಳ ನಿಂತ ಮೇಲೆ ಬಡ್ಡಿ ಬೆಳೆಯುತ್ತಿತ್ತು, ಬರಿಗೈಯಲ್ಲಿ ಮರಳಿದರೆ ಆ ಸಾಲ ಮನೆಯ ಮುಂದೆ ನಿಲ್ಲುತ್ತಿತ್ತು. ಬಿಟ್ಟು ಬರಬಹುದಲ್ಲ ಎನ್ನುವವರು ಈ ಪುಟ ನೋಡಬೇಕು. ಬಲವಂತದ ದುಡಿಮೆಯನ್ನು ಗುರುತಿಸಲು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 11 ಲಕ್ಷಣಗಳನ್ನು ಪಟ್ಟಿ ಮಾಡಿದೆ. ಸಂಬಳ ತಡೆಹಿಡಿಯುವುದು, ಗುರುತಿನ ದಾಖಲೆ ಇಟ್ಟುಕೊಳ್ಳುವುದು, ಸಾಲದ ಕಟ್ಟು, ಮಿತಿಮೀರಿದ ದುಡಿಮೆ, ಹೊರಗಿನವರಿಂದ ದೂರವಿಡುವುದು, ಓಡಾಟಕ್ಕೆ ತಡೆ: ಅಕ್ಕನ ಹಾಳೆಯಲ್ಲಿ ಈ ಆರೂ ಇದ್ದವು. ಹೊಡೆತವಿರಲಿಲ್ಲ, ಬೈಗುಳವಿರಲಿಲ್ಲ. "ಒಳ್ಳೆಯ ಜನ" ಎಂದು ಅವರಿಗೆ ಅನ್ನಿಸಿದ್ದು ಅದಕ್ಕೇ.

ಹೊರಡಬೇಕೆಂದು ತೀರ್ಮಾನಿಸಿದ್ದು ಅಕ್ಕನೇ, ನಾನಲ್ಲ. ಅವರ ವೀಸಾ ಮಾಲೀಕರ ಹೆಸರಿಗೆ ಕಟ್ಟಿತ್ತು. ಕಫಾಲಾ ಎಂಬ ಪ್ರಾಯೋಜಕ ಪದ್ಧತಿ ಇರುವ ಕಡೆ ಅನುಮತಿಯಿಲ್ಲದೆ ಮನೆ ಬಿಟ್ಟರೆ "ಓಡಿಹೋದವಳು" ಎಂದು ಮಾಲೀಕರೇ ದೂರು ಕೊಡಬಹುದು, ಸಂಬಳ ಕೇಳಬೇಕಾದವಳು ಬಂಧನಕ್ಕೆ ಹೆದರಬೇಕಾಗುತ್ತದೆ. ಆದ್ದರಿಂದ ಮೊದಲು ರಾಯಭಾರ ಕಚೇರಿಗೆ ಲಿಖಿತ ದೂರು ತಲುಪಿಸಿ ಸ್ವೀಕೃತಿ ಪಡೆದೆವು. ಆ ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದು ಖಚಿತವಾಗುವವರೆಗೆ ಹೊರಡುವ ದಿನವನ್ನು ಗೊತ್ತು ಮಾಡಲಿಲ್ಲ. ಹೊರಡುವ ಮುನ್ನ ಚೀಲದಲ್ಲಿರುವುದನ್ನೆಲ್ಲ ಹಾಸಿಗೆಯ ಮೇಲೆ ಹರವಿ ವಿಡಿಯೊ ತೆಗೆದು ಮಗಳಿಗೆ ಕಳಿಸಿ ಎಂದೆ. ಸಂಬಳ ಕೇಳಿದವರ ಮೇಲೆ ಕಳ್ಳತನದ ಆರೋಪ ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಕ್ಕನ ಚೀಲದಲ್ಲಿದ್ದದ್ದು ನಾಲ್ಕು ಜೊತೆ ಬಟ್ಟೆ, ಒಂದು ಮಾತ್ರೆಯ ಡಬ್ಬಿ, ಮಗಳ ಫೋಟೋ.

ಸಂಧಾನಕ್ಕೆ ಮಾಲೀಕರು ಬಂದರು. ಅಷ್ಟರಲ್ಲಿ ಬಾಕಿ 14 ತಿಂಗಳದಾಗಿತ್ತು. ಪಾಸ್‌ಪೋರ್ಟನ್ನು ಜೋಪಾನವಾಗಿಡಲು ತೆಗೆದುಕೊಂಡದ್ದು ಎಂದು ಹೇಳಿ ಅಂದೇ ಮರಳಿಸಿದರು. ಕೆಲಸ ದಿನಕ್ಕೆ ಎಂಟೇ ಗಂಟೆ ಎಂದರು. ಆಗ ಮಗಳ ನೋಟ್‌ಬುಕ್ಕಿನ ಪ್ರತಿಯನ್ನು ಮುಂದಿಟ್ಟದ್ದನ್ನು, ಅವರು ಪುಟ ತಿರುಗಿಸುತ್ತಾ ಮಾತು ನಿಲ್ಲಿಸಿದ್ದನ್ನು ಅಕ್ಕ ಆಮೇಲೆ ನನಗೆ ಎರಡೆರಡು ಸಲ ಹೇಳಿದರು. 14 ತಿಂಗಳ ಮೂಲ ಸಂಬಳ ಕೊಡಲು ಒಪ್ಪಿದರು, ಮರಳುವ ವಿಮಾನದ ಟಿಕೆಟ್ಟಿನ ಹಣವನ್ನು ಮುರಿದುಕೊಂಡರು. ಹೆಚ್ಚುವರಿ ಗಂಟೆಗಳಿಗೆ, ಕಳೆದ ರಜಾದಿನಗಳಿಗೆ, ರಾತ್ರಿಯ ಚುಕ್ಕೆಗಳಿಗೆ ಏನೂ ಸಿಗಲಿಲ್ಲ. ಇನ್ನೂ ಹೋರಾಡೋಣ ಎಂದು ನಾನು ಹೇಳಿದೆ. ಮಗಳ ಪರೀಕ್ಷೆಗೆ ಮುಂಚೆ ಮನೆ ಸೇರಬೇಕು ಎಂದು ಅಕ್ಕ ಸಹಿ ಹಾಕಿದರು. ಅದು ಅವರ ಲೆಕ್ಕ. ನನ್ನ ಕಡತದಲ್ಲಿ ಸಿಗದ ಮೊತ್ತವನ್ನೂ ಬೇರೆಯಾಗಿ ಬರೆದಿಟ್ಟಿದ್ದೇನೆ.

ಊರಿಗೆ ಬಂದ ಮೇಲೆ ಒಂದು ದಿನ ಕಚೇರಿಗೆ ಬಂದರು. ಗಂಟೆಗೊಂದು ಗೆರೆ ಎಳೆದಿದ್ದ ಆ ಮೊದಲ ಹಾಳೆಯನ್ನು ನೋಡಬೇಕೆಂದರು. ಅದರ ಪ್ರತಿ ತೆಗೆದು ಕೊಟ್ಟೆ. ಪಕ್ಕದ ಮನೆಯ ಹುಡುಗಿ ಮುಂದಿನ ತಿಂಗಳು ಕೆಲಸಕ್ಕೆಂದು ಹೊರಡುತ್ತಿದ್ದಾಳೆ, ಅವಳಿಗೆ ತೋರಿಸಬೇಕು ಎಂದು ಮಡಿಚಿ ಇಟ್ಟುಕೊಂಡರು.