ಕಾಡುಕುದುರೆ ನೋಡಲು ಹೋದರೆ ಮೊದಲು ಕಿವಿ ನೋಡಿ

ಹಿಂಡು ಕಂಡ ತಕ್ಷಣ ಕ್ಯಾಮೆರಾ ಹಿಡಿದು ನೇರವಾಗಿ ನಡೆಯಬೇಡಿ. ಬೇಟೆಗಾರ ಪ್ರಾಣಿಯೂ ಹಾಗೇ ದಿಟ್ಟಿಸುತ್ತಾ ಬರೋದು, ಅಲ್ವಾ? ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿದೆ, ಹಾಗಾಗಿ ಸುಮಾರು 350 ಡಿಗ್ರಿ ಕಾಣುತ್ತೆ. ಹಣೆಯ ಮುಂದೆ ಸ್ವಲ್ಪ, ಬಾಲದ ಹಿಂದೆ ಸ್ವಲ್ಪ, ಅಷ್ಟೇ ಕುರುಡು. ಪಕ್ಕದಿಂದ ಓರೆಯಾಗಿ, ನಿಧಾನಕ್ಕೆ ಹೋಗಿ, ದೂರದಲ್ಲೇ ನಿಲ್ಲಿ.

ಒಂದು ಕಿವಿ ನಿಮ್ಮತ್ತ ತಿರುಗಿಸಿ ಹುಲ್ಲು ಮೇಯುತ್ತಿದ್ದರೆ ಪರವಾಗಿಲ್ಲ. ತಲೆ ಎತ್ತಿ, ಬಾಯಲ್ಲಿ ಹುಲ್ಲಿದ್ದರೂ ಅಗಿಯೋದು ನಿಲ್ಲಿಸಿ, ಎರಡೂ ಕಿವಿ ನಿಮ್ಮ ಮೇಲೇ ನೆಟ್ಟಿದೆ ಅಂದ್ರೆ ಹಿಂದೆ ಸರಿಯಿರಿ. ಜೋರಾಗಿ ಮೂಗಿನಿಂದ ಬುಸ್ ಅಂದ್ರೆ ತಡವಾಯ್ತು, ಹಿಂಡು ಓಡುತ್ತೆ.

ಪೊದೆ, ಬಂಡೆ ಹಿಂದೆ ಅಡಗಿ ಫೋಟೋ ತೆಗೆಯೋದು ಇನ್ನೂ ದೊಡ್ಡ ತಪ್ಪು. ಅಮೆರಿಕದ ನೆವಾಡಾದಲ್ಲಿ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕು ಹಾಗೇ ಹೊಂಚು ಹಾಕಿ ಮರಿಗಳ ಮೇಲೆ ಹಾರುತ್ತೆ (ಅಲ್ಲಿನ ಕಾಡುಕುದುರೆಗಳು ಸಾಕುಕುದುರೆಗಳ ಸಂತತಿ, ಆದ್ರೂ ಭಯ ಹೋಗಿಲ್ಲ). ಮಂಗೋಲಿಯಾದ ಹುಸ್ತಾಯ್‌ಗೆ 1992ರಲ್ಲಿ ಮರಳಿ ತಂದ ತಾಖಿ ಎಂಬ ಅಲ್ಲಿನ ಕಾಡುಕುದುರೆಗಳಿಗೆ ತೋಳದ ಕಾಟ, ಅಲ್ಲೂ ಜಾಸ್ತಿ ಸಾಯೋದು ಮರಿಗಳೇ. ಬಯಲಲ್ಲಿ ಕಾಣುವಂತೆ ಸುಮ್ನೆ ಕೂತುಬಿಡಿ. ತಾಯಿ, ಮರಿಯ ನಡುವೆ ಮಾತ್ರ ಎಂದೂ ಹೋಗಬೇಡಿ.