ಹುಡುಗರ ವಾಲಿಬಾಲ್ ಪಂದ್ಯಾವಳಿ: ವಯಸ್ಸಿನ ವಿಭಾಗ ಮಾಡುವುದು, ತಂಡಗಳನ್ನು ಸರಿದೂಗಿಸುವುದು

ಮದ್ದೂರು, ಪಾಂಡವಪುರ, ನಂಜನಗೂಡು, ತಿ. ನರಸೀಪುರ, ಎಲ್ಲಿ ನೋಡಿದರೂ ಹುಡುಗರ ವಾಲಿಬಾಲ್ ಪಂದ್ಯಾವಳಿಯ ಬ್ಯಾನರಿನಲ್ಲಿ ಬಹುಮಾನದ ಮೊತ್ತ ದಪ್ಪಕ್ಷರದಲ್ಲಿರುತ್ತದೆ, ವಯೋಮಿತಿ ಮೂಲೆಯಲ್ಲೆಲ್ಲೋ ಇರುತ್ತದೆ. ಆಮೇಲೆ ನಾಕೌಟ್. 16 ತಂಡ ಬಂದರೆ 8 ತಂಡ ಒಂದೇ ಆಟ ಆಡಿ, 25-7, 25-9 ಅಂತ ಸೋತು, ಮಧ್ಯಾಹ್ನದ ಊಟಕ್ಕೆ ಮುಂಚೆ ಬಸ್ಸು ಹತ್ತುತ್ತವೆ. ಹಾಗೆ ಸೋತ ತಂಡದ ಹದಿಮೂರರ ಹುಡುಗ ಆ ಒಂದು ಆಟದಲ್ಲಿ ಚೆಂಡು ಮುಟ್ಟಿದ್ದು ನಾಲ್ಕೋ ಐದೋ ಸಲ.

ಇದನ್ನು ಸರಿಮಾಡಲು ಹೊರಟವರು ಮೊದಲು ಒಂದು ವಿಷಯ ಬೇರ್ಪಡಿಸಿಕೊಳ್ಳಬೇಕು. ವಯೋಮಿತಿ ಯಾರು ಒಳಗೆ ಬರಬಹುದು ಎಂದು ಹೇಳುತ್ತದೆ, ಅಷ್ಟೇ. ಯಾರು ಯಾರ ಮೇಲೆ ಆಡಬೇಕು ಎಂಬುದನ್ನು ಮೊದಲ ದಿನದ ಫಲಿತಾಂಶ ಹೇಳಬೇಕು. ಎರಡನೆಯ ಕೆಲಸವನ್ನೂ ವಯೋಮಿತಿಯ ತಲೆಗೇ ಕಟ್ಟುವುದರಿಂದ ತೊಂದರೆ ಹುಟ್ಟುತ್ತದೆ.

ಎಷ್ಟು ವಿಭಾಗ?

ಅಮೆರಿಕದ ಹುಡುಗರ ಕ್ಲಬ್ ವಾಲಿಬಾಲಿನಲ್ಲಿ 12ರಿಂದ 18ರವರೆಗೆ ಒಂದೊಂದು ವರ್ಷಕ್ಕೆ ಒಂದೊಂದು ವಿಭಾಗ, ದೊಡ್ಡ ಪಂದ್ಯಾವಳಿಗಳಲ್ಲಿ ಪ್ರತಿ ವಯಸ್ಸಿನೊಳಗೆ ಮತ್ತೆ ಬಲದ ಪ್ರಕಾರ ಶ್ರೇಣಿಗಳು. ಅಷ್ಟೊಂದು ತಂಡ ಇರುವ ಕಡೆ ಅದು ನಡೆಯುತ್ತದೆ. ಮೈಸೂರು, ಮಂಡ್ಯ ಎರಡೂ ಜಿಲ್ಲೆ ಸೇರಿಸಿ ಕರೆದರೂ ಒಂದೊಂದು ವರ್ಷಕ್ಕೆ ಮೂರ್ನಾಲ್ಕು ತಂಡ ಸಿಕ್ಕರೆ ಹೆಚ್ಚು. ಶಾಲಾ ಕ್ರೀಡಾಕೂಟಗಳು 14, 17, 19ರ ಒಳಗಿನವರು ಎಂದು ವಿಂಗಡಿಸುತ್ತವೆ. ಹೋಬಳಿ, ತಾಲ್ಲೂಕು ಮಟ್ಟಕ್ಕೆ ಪಿ.ಟಿ. ಮೇಷ್ಟ್ರು ಹುಡುಗರನ್ನು ತಯಾರು ಮಾಡುವುದು ಅದೇ ಲೆಕ್ಕದಲ್ಲಿ. ಆದ್ದರಿಂದ ನೀವೂ 14 ಮತ್ತು 17 ಎಂದೇ ಇಟ್ಟುಕೊಳ್ಳಿ. 15, 16 ಎಂದು ಹೊಸ ಲೆಕ್ಕ ಹಾಕಿದರೆ ಇರುವ ತಂಡವೂ ಒಡೆದು ಬರುತ್ತದೆ. ಒಂದು ವಿಭಾಗಕ್ಕೆ ಆರು ತಂಡವೂ ಬರದಿದ್ದರೆ ಆ ವಿಭಾಗವನ್ನು ಕೈಬಿಡಿ; ಮೂರು ತಂಡಕ್ಕೆ ಕಪ್ಪು ಕೊಡುವುದರಲ್ಲಿ ಅರ್ಥವಿಲ್ಲ.

ದಿನಾಂಕವನ್ನು ಬಾಯಲ್ಲಿ ಹೇಳಬೇಡಿ, ಬರೆಯಿರಿ. '14 ವರ್ಷದೊಳಗಿನ' ಎಂದಷ್ಟೇ ಹಾಕಿದರೆ ಪಂದ್ಯದ ದಿನಕ್ಕೋ, ವರ್ಷದ ಕೊನೆಗೋ, 14 ತುಂಬಿದವನು ಬರಬಹುದೋ ಬಾರದೋ ಎಂದು ಬೆಳಿಗ್ಗೆ ಏಳಕ್ಕೇ ಜಗಳ ಶುರು. 2026ರಲ್ಲಿ ನಡೆಸುವುದಾದರೆ ಹೀಗೆ ಹಾಕಿ: 14ರ ವಿಭಾಗಕ್ಕೆ 1-1-2013 ಅಥವಾ ಆಮೇಲೆ ಹುಟ್ಟಿದವರು, 17ರ ವಿಭಾಗಕ್ಕೆ 1-1-2010 ಅಥವಾ ಆಮೇಲೆ ಹುಟ್ಟಿದವರು. ಇಷ್ಟಿದ್ದರೆ ಲೆಕ್ಕ ಹಾಕುವ ಕೆಲಸವೇ ಇಲ್ಲ, ಪ್ರಮಾಣಪತ್ರದ ಇಸವಿ ನೋಡಿದರೆ ಮುಗಿಯಿತು.

ವಯಸ್ಸು ಒಂದೇ, ಮೈ ಬೇರೆ

ಗಂಡುಮಕ್ಕಳು ಅತಿ ವೇಗವಾಗಿ ಬೆಳೆಯುವುದು ಸರಾಸರಿ 14ರ ಹೊತ್ತಿಗೆ. ಆದರೆ ಕೆಲವರಿಗೆ ಅದು 12ಕ್ಕೇ ಬರುತ್ತದೆ, ಕೆಲವರಿಗೆ 16ಕ್ಕೆ. ಆ ಒಂದು ವರ್ಷದಲ್ಲಿ 8ರಿಂದ 10 ಸೆಂಟಿಮೀಟರ್ ಎತ್ತರ ಏರುತ್ತದೆ. ಹೀಗಾಗಿ 14ರ ವಿಭಾಗವೇ ಎಲ್ಲಕ್ಕಿಂತ ಏರುಪೇರಿನದು: ಒಂದೇ ತಿಂಗಳಲ್ಲಿ ಹುಟ್ಟಿದ ಇಬ್ಬರ ನಡುವೆ ಒಂದು ಗೇಣು ವ್ಯತ್ಯಾಸವಿರಬಹುದು, ದಾಖಲೆ ಇಬ್ಬರದೂ ಸರಿಯಾಗಿರುತ್ತದೆ. ಮೀಸೆ ಮೂಡಿದೆ ಎಂದು ಹುಡುಗನ ವಯಸ್ಸು ಅನುಮಾನಿಸಿ ಎಲ್ಲರೆದುರು ನಿಲ್ಲಿಸಿ ಕೇಳುವವರಿದ್ದಾರೆ. ಬೇಗ ಬೆಳೆದದ್ದು ಅವನ ತಪ್ಪಲ್ಲ. ಕಾಗದ ನೋಡಿ, ಮುಖ ನೋಡಬೇಡಿ.

ಜನವರಿ 1ರ ಗಡಿ ಹಾಕಿದಾಗ ಜನವರಿಯಲ್ಲಿ ಹುಟ್ಟಿದವನಿಗೆ ಡಿಸೆಂಬರಿನವನಿಗಿಂತ ಸುಮಾರು ಒಂದು ವರ್ಷದ ಅನುಕೂಲ ಸಿಗುತ್ತದೆ. ತಂಡ ಆರಿಸುವವರ ಕಣ್ಣು ಎತ್ತರದವನ ಮೇಲೆ ಬೀಳುತ್ತದೆ, ಅವನಿಗೆ ಹೆಚ್ಚು ಆಟ ಸಿಗುತ್ತದೆ, ಮುಂದಿನ ವರ್ಷ ಅವನು ಇನ್ನೂ ಮೇಲು. ಗಡಿಯನ್ನು ಬೇರೆ ತಿಂಗಳಿಗೆ ಸರಿಸಿದರೆ ಅನುಕೂಲ ಬೇರೆ ತಿಂಗಳಿನವರಿಗೆ ಹೋಗುತ್ತದೆಯೇ ಹೊರತು ಅಳಿಯುವುದಿಲ್ಲ.

ಇದಕ್ಕೆ 17ರ ವಿಭಾಗದಲ್ಲಿ ಚೆನ್ನಾಗಿ ಕೆಲಸ ಮಾಡುವ ಉಪಾಯವೊಂದಿದೆ: ಅಂಕಣದಲ್ಲಿರುವ ಆರು ಜನರಲ್ಲಿ ಯಾವಾಗಲೂ ಇಬ್ಬರಾದರೂ 1-1-2012ರಿಂದ ಈಚೆಗೆ ಹುಟ್ಟಿದವರಾಗಿರಬೇಕು. ಲಿಬೆರೊ, ಅಂದರೆ ಹಿಂಬದಿಯಲ್ಲಷ್ಟೇ ಆಡಿ ಚೆಂಡು ಎತ್ತುವವನು, ಈ ಇಬ್ಬರ ಲೆಕ್ಕಕ್ಕೆ ಬರುವುದಿಲ್ಲ. ಬರಲಿ ಎಂದು ಬಿಟ್ಟರೆ ಎಲ್ಲ ಕೋಚುಗಳೂ ಒಬ್ಬ ಕಿರಿಯನನ್ನು ಲಿಬೆರೊ ಮಾಡಿ ಹಿಂದೆ ನಿಲ್ಲಿಸಿಬಿಡುತ್ತಾರೆ. ಲಿಬೆರೊ ಹಿಂಬದಿಯಲ್ಲಿ ಕಿರಿಯನ ಜಾಗಕ್ಕೆ ಬಂದಾಗ ಆ ಕಿರಿಯನನ್ನೇ ಲೆಕ್ಕಕ್ಕೆ ಹಿಡಿಯಬೇಕು ಎಂದೂ ಬರೆಯಿರಿ. ಪಾಲನೆಗೆ ಸುಲಭದ ದಾರಿ: ಕಿರಿಯರಿಗೆ 11ರಿಂದ ಮೇಲಿನ ಜೆರ್ಸಿ ನಂಬರ್, ಹಿರಿಯರಿಗೆ 1ರಿಂದ 10. ರೆಫ್ರಿ ಸ್ಟ್ಯಾಂಡಿನ ಮೇಲಿಂದಲೇ ಎಣಿಸಬಹುದು. ರೊಟೇಶನ್‌ನಲ್ಲಿ, ಅಂದರೆ ಆಟಗಾರರು ಸರದಿಯಂತೆ ಜಾಗ ಬದಲಿಸುವಾಗ, ಕಿರಿಯ ಮುಂಬದಿಗೆ ಬರಲೇಬೇಕಾದ್ದರಿಂದ ತಂಡಗಳು ವರ್ಷವಿಡೀ ಅವರನ್ನು ತಯಾರು ಮಾಡತೊಡಗುತ್ತವೆ.

14ರವನು 17ರ ವಿಭಾಗದಲ್ಲಿ ಆಡಬಹುದು, ಆದರೆ ಒಂದೇ ಪಂದ್ಯಾವಳಿಯಲ್ಲಿ ಎರಡೂ ಕಡೆ ಬೇಡ. ಒಳ್ಳೆಯ ಅಟ್ಯಾಕರನ್ನು ದಿನಕ್ಕೆ ಆರೇಳು ಆಟ ಆಡಿಸಿದರೆ ಮೊಣಕಾಲು, ಭುಜ ಎರಡೂ ಕೆಡುತ್ತವೆ.

ನೆಟ್ಟಿನ ಎತ್ತರ

ತಂಡಗಳನ್ನು ಸರಿದೂಗಿಸುವ ಅತಿ ಅಗ್ಗದ ಸಾಧನ ಇದೇ, ಅತಿ ಹೆಚ್ಚು ನಿರ್ಲಕ್ಷ್ಯವಾಗುವುದೂ ಇದೇ. ದೊಡ್ಡವರಿಗೆ ಹಾಕಿದ 2.43 ಮೀಟರಿನ ನೆಟ್ಟಿನಲ್ಲೇ 14ರ ಹುಡುಗರನ್ನೂ ಆಡಿಸಿದರೆ ಬೇಗ ಬೆಳೆದ ಒಬ್ಬನ ಕೈ ಮಾತ್ರ ಮೇಲೆ ಹೋಗುತ್ತದೆ, ಅವನಿರುವ ತಂಡ ಗೆಲ್ಲುತ್ತದೆ. ಅಮೆರಿಕದ ಹುಡುಗರ ಕ್ಲಬ್‌ಗಳಲ್ಲಿ 12ರವರೆಗೆ 2.13, 13-14ಕ್ಕೆ 2.24, 15ರಿಂದ 2.43 ಮೀಟರ್. ನಮ್ಮಲ್ಲಿ 14ರ ವಿಭಾಗಕ್ಕೆ 2.24 ಸರಿಯಾಗುತ್ತದೆ, 17ಕ್ಕೆ 2.43. ಇದಕ್ಕಿಂತ ತೀರ ಇಳಿಸಬೇಡಿ. ಆಗ ಎಲ್ಲರೂ ಸ್ಮ್ಯಾಷ್ ಹೊಡೆಯುತ್ತಾರೆ, ಯಾರೂ ಎತ್ತುವುದಿಲ್ಲ, ರ್‍ಯಾಲಿ ಎರಡೇ ಏಟಿಗೆ ಮುಗಿಯುತ್ತದೆ.

ಅಳೆಯಬೇಕಾದ್ದು ಅಂಕಣದ ನಡುವೆ. ಎರಡು ಪಕ್ಕದ ಗೆರೆಗಳ ಮೇಲೆ ಎತ್ತರ ಒಂದೇ ಇರಬೇಕು, ನಡುವಿನದಕ್ಕಿಂತ 2 ಸೆಂಟಿಮೀಟರಿಗೂ ಹೆಚ್ಚಿರಬಾರದು. ಮಣ್ಣಿನ ಅಂಕಣದಲ್ಲಿ ಕಂಬ ಒಳಕ್ಕೆ ವಾಲಿ ಮಧ್ಯಾಹ್ನದ ಹೊತ್ತಿಗೆ ನೆಟ್ಟು ನಾಲ್ಕೈದು ಸೆಂಟಿಮೀಟರ್ ಜೋತಿರುತ್ತದೆ. ಒಂದು ಬಿದಿರು ಗಳಕ್ಕೆ 2.24 ಮತ್ತು 2.43ಕ್ಕೆ ಬಣ್ಣದ ಗುರುತು ಹಾಕಿಟ್ಟುಕೊಂಡು ಮೂರು ಆಟಕ್ಕೊಮ್ಮೆ ಹಿಡಿದು ನೋಡಿ. ಕಂಬದಲ್ಲಿ ಕೆಳಗಿನ ಕೊಕ್ಕೆ ಇಲ್ಲದಿದ್ದರೆ ವೆಲ್ಡಿಂಗ್ ಅಂಗಡಿಯಲ್ಲಿ ಇನ್ನೆರಡು ಹಾಕಿಸಿ. ಹಗ್ಗ ಸುತ್ತಿ ಇಳಿಸಿದ ನೆಟ್ಟು ಬಿಗಿ ನಿಲ್ಲುವುದಿಲ್ಲ.

14ರ ವಿಭಾಗದಲ್ಲಿ ಆಟ ಕೆಡಿಸುವ ಇನ್ನೊಂದು ಸಂಗತಿ ಸರ್ವೀಸು. ಒಬ್ಬನ ಸರ್ವ್ ಗಟ್ಟಿಯಿದ್ದು ಎದುರಿನವರಿಗೆ ಫಸ್ಟ್ ಪಾಸ್ (ಸರ್ವ್ ಎತ್ತಿಕೊಡುವ ಮೊದಲ ಏಟು) ಬಾರದಿದ್ದರೆ ಸತತ ಹತ್ತು ಪಾಯಿಂಟ್ ಹೋಗಿಬಿಡುತ್ತದೆ. ಒಬ್ಬ ಸರ್ವ್ ಮಾಡಿ ಸತತ 5 ಪಾಯಿಂಟ್ ಗಳಿಸಿದ ಮೇಲೆ ಸರ್ವೀಸು ಎದುರು ತಂಡಕ್ಕೆ, ಪಾಯಿಂಟ್ ಇಲ್ಲದೆ, ಎಂದು ನಿಯಮ ಮಾಡಿ. 17ಕ್ಕೆ ಇದು ಬೇಡ.

ದಾಖಲೆ

ಜನನ ಪ್ರಮಾಣಪತ್ರದಲ್ಲಿ ಎಲ್ಲರೂ ಹುಟ್ಟಿದ ದಿನಾಂಕ ನೋಡುತ್ತಾರೆ, ನೋಂದಣಿ ದಿನಾಂಕ ನೋಡುವವರು ಕಡಿಮೆ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳದು ಸಾಮಾನ್ಯವಾಗಿ ಹಾಗೇ ಆಗಿರುತ್ತದೆ. ನೋಂದಣಿ ಎಂಟು ಹತ್ತು ವರ್ಷ ತಡವಾಗಿದ್ದರೆ ಶಾಲೆಯ ದಾಖಲಾತಿ ರಿಜಿಸ್ಟರಿನ ನಕಲನ್ನೂ ಕೇಳಿ, ಒಂದನೇ ತರಗತಿಗೆ ಸೇರಿದ ವರ್ಷ ಹೊಂದುತ್ತದೆಯೇ ತಾಳೆ ನೋಡಿ. ಶಾಲೆಯ ಲೆಟರ್‌ಹೆಡ್ಡಿನಲ್ಲಿ ಮುಖ್ಯೋಪಾಧ್ಯಾಯರ ಸಹಿ, ಮೊಹರು, ಹುಡುಗನ ಫೋಟೋ, ಎಸ್‌ಎಟಿಎಸ್ ನಂಬರ್ (ಸರ್ಕಾರದ ವಿದ್ಯಾರ್ಥಿ ದಾಖಲೆಯ ನಂಬರ್) ಇರುವ ಪತ್ರ ಎರಡನೆಯ ಆಧಾರ. ಹತ್ತನೇ ತರಗತಿ ಮುಗಿಸಿದವನಾದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಆಧಾರ್ ಕಾರ್ಡನ್ನು ಗುರುತಿಗೆ ಮಾತ್ರ ಇಟ್ಟುಕೊಳ್ಳಿ. ಅದು ಹುಟ್ಟಿದ ದಿನಾಂಕದ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ.

ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಎಂದು ಯಾರಾದರೂ ಒತ್ತಾಯಿಸಿದರೆ ಒಪ್ಪಬೇಡಿ. ಅದು ಮೂಳೆ ಎಷ್ಟು ಬೆಳೆದಿದೆ ಎಂದು ಹೇಳುತ್ತದೆ, ಹುಟ್ಟಿದ ದಿನವನ್ನಲ್ಲ. ಬೇಗ ಬೆಳೆದ ಹುಡುಗನಲ್ಲಿ ವರ್ಷಕ್ಕೂ ಹೆಚ್ಚು ವ್ಯತ್ಯಾಸ ತೋರಿಸಬಹುದು.

ಕಾಗದಗಳು ಪಂದ್ಯಕ್ಕೆ ಐದು ದಿನ ಮುಂಚೆ ಕೈಸೇರಬೇಕು. 12 ಜನರ ಪಟ್ಟಿ ಅಲ್ಲಿಗೆ ಮುಗಿಯಿತು, ಆಮೇಲೆ ಹೆಸರು ಸೇರಿಸುವಂತಿಲ್ಲ. ಹಿಂದಿನ ರಾತ್ರಿ ಬೇರೆ ಜಿಲ್ಲೆಯಿಂದ ಇಬ್ಬರನ್ನು ಕರೆಸಿಕೊಳ್ಳುವ ಚಟಕ್ಕೆ ಇದೊಂದೇ ಮದ್ದು. ಒಂದು ತಂಡದ ಮೇಲೆ ತಕರಾರು ಇದ್ದರೆ ಆ ತಂಡದ ಮೊದಲ ಆಟಕ್ಕೆ ಮುಂಚೆ, ಬರಹದಲ್ಲಿ, 500 ರೂಪಾಯಿ ಕಟ್ಟಿ. ನಿಜವಾದರೆ ಹಣ ವಾಪಸ್. ಸೋತ ಮೇಲೆ ಬರುವ ತಕರಾರನ್ನು ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ಹಾಕಿರಿ.

ಮೊದಲ ದಿನ: ನಾಲ್ಕು ಗುಂಪು

16 ತಂಡಗಳಿಗೆ 1ರಿಂದ 16 ಸ್ಥಾನ ಕೊಡಿ. ಹೋದ ವರ್ಷದ ಫಲಿತಾಂಶ, ಈ ವರ್ಷದ ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಫಲಿತಾಂಶ ನೋಡಿ. ದಿನವೂ ಎರಡು ಹೊತ್ತು ಅಭ್ಯಾಸವಿರುವ ಕ್ರೀಡಾ ವಸತಿ ನಿಲಯದ ತಂಡ ಬಂದರೆ ಬೇರೇನೂ ನೋಡದೆ ಮೇಲಿನ ನಾಲ್ಕರಲ್ಲಿ ಇಡಿ. ಏನೂ ಗೊತ್ತಿಲ್ಲದ ಹೊಸ ತಂಡವಾದರೆ ಆರು ಜನರನ್ನು ಗೋಡೆಗೆ ನಿಲ್ಲಿಸಿ ಕೈ ಎತ್ತಿಸಿ ಬೆರಳ ತುದಿಯ ಎತ್ತರ ಅಳೆಯಿರಿ, ಒಬ್ಬೊಬ್ಬರಿಂದ ಮೂರು ಸರ್ವ್ ಮಾಡಿಸಿ. 18ರಲ್ಲಿ 14 ಒಳಗೆ ಬಿದ್ದರೆ ಅದು ಮಧ್ಯದ ಮೇಲಿನ ತಂಡ. ಒರಟು ಲೆಕ್ಕವೇ, ಆದರೆ ಚೀಟಿ ಎತ್ತುವುದಕ್ಕಿಂತ ವಾಸಿ.

ಗುಂಪುಗಳನ್ನು ಹಾವಿನ ನಡೆಯಲ್ಲಿ ಮಾಡಬೇಕು. ಎ: 1, 8, 9, 16. ಬಿ: 2, 7, 10, 15. ಸಿ: 3, 6, 11, 14. ಡಿ: 4, 5, 12, 13. ಕೂಡಿಸಿ ನೋಡಿ, ಪ್ರತಿ ಗುಂಪಿನದೂ 34. ಒಂದೇ ಊರಿನ ಎರಡು ತಂಡ ಒಂದೇ ಗುಂಪಿಗೆ ಬಿದ್ದರೆ ಅದೇ ಸಾಲಿನ ಪಕ್ಕದ ಸ್ಥಾನದ ಜೊತೆ ಅದಲುಬದಲು ಮಾಡಿ, 10ನ್ನು 11ರ ಜೊತೆ ಹೀಗೆ.

ಗುಂಪಿಗೆ 6 ಆಟ, ಒಟ್ಟು 24. ಎರಡು ಅಂಕಣವಿದ್ದರೆ ಒಂದೊಂದರಲ್ಲಿ 12. ಮೂರು ಸೆಟ್ಟಿನ ಆಟವಾಡಿಸಿದರೆ ಕತ್ತಲಾಗುತ್ತದೆ. ಎರಡೇ ಸೆಟ್, 21 ಪಾಯಿಂಟಿಗೆ, ಎರಡು ಪಾಯಿಂಟ್ ಅಂತರ ಬೇಕು, 25ಕ್ಕೆ ಕಡೆ. ಆಟಕ್ಕೆ 40 ನಿಮಿಷ ಹಿಡಿಯಿರಿ. 12 ಆಟಕ್ಕೆ 8 ಗಂಟೆ. ಬೆಳಿಗ್ಗೆ 7ಕ್ಕೆ ಶುರುಮಾಡಿದರೆ ಊಟದ ಬಿಡುವು ಸೇರಿ ನಾಲ್ಕರ ಹೊತ್ತಿಗೆ ಮುಗಿಯುತ್ತದೆ. ಒಂದೇ ಅಂಕಣದಲ್ಲಿ ಎ ಗುಂಪಿನ ಒಂದು ಆಟ, ಸಿ ಗುಂಪಿನ ಒಂದು ಆಟ ಎಂದು ಹೆಣೆಯಿರಿ. ಯಾವ ತಂಡಕ್ಕೂ ಬೆನ್ನುಬೆನ್ನಿಗೆ ಆಟ ಬೀಳದು.

ಗುಂಪಿನೊಳಗಿನ ಕ್ರಮದ ಬಗ್ಗೆ ಒಂದು ಮಾತು. ಬಲಿಷ್ಠ ಎರಡು ತಂಡದ ಆಟವನ್ನು ಕೊನೆಗಿಡುವುದು ರೂಢಿ, ಜನ ನಿಲ್ಲುತ್ತಾರೆ ಎಂದು. ಆದರೆ ಗುಂಪಿನಿಂದ ಮೇಲಿನ ಎರಡು ತಂಡ ಮುಂದೆ ಹೋಗುವುದಾದರೆ ಆ ಎರಡೂ ಆಗಲೇ ತೇರ್ಗಡೆಯಾಗಿರುತ್ತವೆ, ಮರುದಿನ ಸುಲಭದ ಎದುರಾಳಿ ಸಿಗಲಿ ಎಂದು ಒಬ್ಬರು ಬೇಕೆಂದೇ ಸೋಲಬಹುದು. ನಿಜವಾದ ಗೆರೆ ಇರುವುದು ಎರಡನೆಯ ಮತ್ತು ಮೂರನೆಯ ತಂಡದ ನಡುವೆ. ಆದ್ದರಿಂದ, ಗುಂಪಿನೊಳಗಿನ ನಾಲ್ಕನ್ನು ಬಲದ ಪ್ರಕಾರ 1ರಿಂದ 4 ಎಂದುಕೊಂಡರೆ, ಕ್ರಮ ಹೀಗಿರಲಿ: 1-2, 3-4, 1-3, 2-4, 1-4, 2-3.

ಎರಡು ಸೆಟ್ಟಿನ ಆಟದಲ್ಲಿ 1-1 ಆಗುತ್ತದೆ, ಆಗಲಿ. ಗೆದ್ದ ಸೆಟ್ಟುಗಳನ್ನು ಎಣಿಸಿ, ಸಮವಾದರೆ ಗಳಿಸಿದ ಪಾಯಿಂಟನ್ನು ಬಿಟ್ಟುಕೊಟ್ಟ ಪಾಯಿಂಟಿನಿಂದ ಭಾಗಿಸಿ. ತಲಾ 4 ಸೆಟ್ ಗೆದ್ದ ಎರಡು ತಂಡಗಳಲ್ಲಿ ಒಂದಕ್ಕೆ 115/100, ಅಂದರೆ 1.150; ಇನ್ನೊಂದಕ್ಕೆ 111/102, ಅಂದರೆ 1.088, ಮೊದಲನೆಯದು ಮೇಲೆ. ಮೂರು ದಶಮಾಂಶದವರೆಗೆ ಲೆಕ್ಕ ಹಾಕಿ. ಸ್ಕೋರ್ ಶೀಟಿನಲ್ಲಿ ಸೆಟ್ಟಿನ ಪಾಯಿಂಟ್ ಬರೆಯದೆ '2-0' ಎಂದಷ್ಟೇ ಗೀಚುವ ಸ್ಕೋರರ್ ಇದ್ದರೆ ಸಂಜೆ ನಾಲ್ಕಕ್ಕೆ ಈ ಲೆಕ್ಕ ಮುರಿದುಬೀಳುತ್ತದೆ, ಹಾಗಾಗಿ ಪ್ರತಿ ಆಟದ ಕೊನೆಗೆ ಎರಡೂ ಕ್ಯಾಪ್ಟನ್‌ಗಳ ಸಹಿ ಹಾಕಿಸಿ.

ಎರಡನೆಯ ದಿನ: ಗೋಲ್ಡ್, ಸಿಲ್ವರ್

ಪ್ರತಿ ಗುಂಪಿನ ಮೊದಲೆರಡು ತಂಡ ಗೋಲ್ಡ್‌ಗೆ, ಉಳಿದೆರಡು ಸಿಲ್ವರ್‌ಗೆ. ಎಂಟೆಂಟು ತಂಡದ ನಾಕೌಟ್, ಏಳೇಳು ಆಟ, ಮೂರು ಸೆಟ್ಟಿನದು: 25, 25, ಬೇಕಾದರೆ 15. ಎ1-ಡಿ2, ಬಿ1-ಸಿ2, ಸಿ1-ಬಿ2, ಡಿ1-ಎ2 ಎಂದು ಜೋಡಿಸಿ (ಎ1 ಎಂದರೆ ಎ ಗುಂಪಿನಲ್ಲಿ ಮೊದಲು ಬಂದ ತಂಡ). ಎ1-ಡಿ2 ಆಟದಲ್ಲಿ ಗೆದ್ದವರು ಸೆಮಿಫೈನಲ್‌ನಲ್ಲಿ ಸಿ1-ಬಿ2 ಗೆದ್ದವರನ್ನು ಎದುರಿಸಲಿ. ಆಗ ಒಂದೇ ಗುಂಪಿನಿಂದ ಬಂದವರು ಫೈನಲ್‌ಗೆ ಮುಂಚೆ ಮತ್ತೆ ಸಿಗುವುದಿಲ್ಲ. ಅತಿ ಬಡ ತಂಡಕ್ಕೂ ನಾಲ್ಕು ಆಟ ಸಿಕ್ಕಿತು, ನಾಲ್ಕನೆಯದು ತನ್ನ ಮಟ್ಟದವರ ಮೇಲೆ.

'ಸಿಲ್ವರ್ ಅಂದರೆ ಸೋತವರ ಕಪ್ಪು' ಎಂದು ಕೆಲವರು ಆಡದೆ ಹೊರಡುತ್ತಾರೆ. ಪ್ರವೇಶ ಶುಲ್ಕದ ಜೊತೆ ಅಷ್ಟೇ ಮೊತ್ತದ ಠೇವಣಿ ಕಟ್ಟಿಸಿಕೊಂಡು ಎರಡನೆಯ ದಿನದ ಆಟವಾದ ಮೇಲೆ ವಾಪಸ್ ಕೊಟ್ಟರೆ ನಿಲ್ಲುತ್ತಾರೆ. ಸಿಲ್ವರ್ ಫೈನಲನ್ನು ಪಕ್ಕದ ಅಂಕಣದಲ್ಲಿ ಮುಗಿಸಿಬಿಡಬೇಡಿ. ಮುಖ್ಯ ಅಂಕಣದಲ್ಲಿ, ಗೋಲ್ಡ್ ಫೈನಲ್‌ಗೆ ಸ್ವಲ್ಪ ಮುಂಚೆ, ಅದೇ ರೆಫ್ರಿಗಳಿಂದ ಆಡಿಸಿ. ಗೆದ್ದ ತಂಡಕ್ಕೆ ಮುಂದಿನ ವರ್ಷ 7ನೇ ಸ್ಥಾನ, ಗೋಲ್ಡ್‌ನಲ್ಲಿ ಮೊದಲ ಆಟಕ್ಕೇ ಹೊರಬಿದ್ದ ನಾಲ್ಕರಲ್ಲಿ ಪಾಯಿಂಟಿನ ಲೆಕ್ಕದಲ್ಲಿ ಕೊನೆಯ ಎರಡು 8 ಮತ್ತು 9ಕ್ಕೆ. ಆದರೆ 14ರ ತಂಡದಲ್ಲಿ ಅರ್ಧ ಹುಡುಗರು ಪ್ರತಿ ವರ್ಷ ವಯಸ್ಸು ದಾಟಿ ಹೋಗುತ್ತಾರೆ. ಹಳೆಯ ಸ್ಥಾನ ಕೊಡುವ ಮುಂಚೆ ಹೊಸ ಪಟ್ಟಿಯ 12ರಲ್ಲಿ ಹೋದ ವರ್ಷದವರು ಆರು ಜನರಾದರೂ ಇದ್ದಾರೆಯೇ ನೋಡಿ. ಇಲ್ಲದಿದ್ದರೆ ಅದು ಹೊಸ ತಂಡವೇ; ಗೋಡೆಗೆ ನಿಲ್ಲಿಸಿ, ಸರ್ವ್ ಮಾಡಿಸಿ.